ಬೆಲ್ಲದ ಬಂಡೆಯ ಚೌಕ

ಕಂಪ್ಲಿಯ ದೊಡ್ಡಬಸಪ್ಪನವರಿಗೂ ಒಂದು ಹೋಳಿಗೆಗೂ ನಡುವೆ ಉಳಿದಿದ್ದದ್ದು ಒಂದೇ ಒಂದು ಚೌಕ.

ಆ ಚೌಕ ಅವರ ಮನೆಯ ಪಡಸಾಲೆಯ ಗೋಡೆಗೆ ಅಂಟಿಸಿದ್ದ ಕರಡಿಧಾಮದ ನಕ್ಷೆಯಲ್ಲಿತ್ತು. ಅಡ್ಡಗೆರೆ, ಉದ್ದಗೆರೆ ಎಳೆದು ಇಡೀ ಕಾಡನ್ನು ಚೌಕ ಚೌಕವಾಗಿ ಕೊಯ್ದಿಟ್ಟಿದ್ದ ಆ ನಕ್ಷೆಯಲ್ಲಿ ದೊಡ್ಡಬಸಪ್ಪನವರು ಕಾಲಿಟ್ಟು ಬಂದ ಪ್ರತಿ ಚೌಕಕ್ಕೂ ಅವರ ಹೆಂಡತಿ ಎರ್ರಮ್ಮ ಅರಿಶಿನದ ಬೆರಳು ಒತ್ತುತ್ತಿದ್ದರು. ಒಂದು ವರ್ಷದಲ್ಲಿ ಕಾಡೆಲ್ಲ ಹಳದಿಯಾಗಿ, ನಡುವೆ ಒಂದು ಚೌಕ ಮಾತ್ರ ಬಿದ್ದ ಹಲ್ಲಿನ ಜಾಗದ ಹಾಗೆ ಬೋಳಾಗಿ ಉಳಿದಿತ್ತು. ದೊಡ್ಡಬಸಪ್ಪನವರು ಊಟಕ್ಕೆ ಕೂತಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ಇದೆಲ್ಲ ಶುರುವಾದದ್ದು ಡಾಕ್ಟರ್ ಸ್ಫೂರ್ತಿಯ ಒಂದು ಮಾತಿನಿಂದ. "ಅಂಕಲ್, ಶುಗರ್ ಬಂದೈತಿ. ಸಿಹಿ ಬಂದ್ ಮಾಡ್ರಿ, ದಿನಾ ನಡೀರಿ" ಎಂದು ಆ ಹುಡುಗಿ ನಗುನಗುತ್ತಲೇ ಹೇಳಿದ್ದಳು. ದೊಡ್ಡಬಸಪ್ಪನವರು ಮರುದಿನವೇ ನಡೆಯಲು ಹೊರಟರು. ಆದರೆ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟವನಿಗೆ ಕಂಪ್ಲಿಯಲ್ಲಿ ನಡೆಯುವುದೆಂದರೆ ಸುಮ್ಮನೆ ಆಗುವ ಕೆಲಸವಲ್ಲ. "ಯಾಕ ಬಸಪ್ಪಣ್ಣ, ಗಾಡಿ ಕೆಟ್ಟೈತೇನು? ಹತ್ರಿ, ಹತ್ರಿ" ಎಂದು ಯಾರಾದರೊಬ್ಬರು ಬೈಕಿಗೆ ಹತ್ತಿಸಿಕೊಂಡು ಮನೆಗೇ ತಂದು ಬಿಡುತ್ತಿದ್ದರು. ಬೇಡವೆಂದರೆ ಮುನಿಸು. ಬೈಕ್ ಇಲ್ಲದವರು ಕೈಹಿಡಿದು ಹೋಟೆಲಿಗೆ ಕರೆದೊಯ್ದು ವಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನಿಸುತ್ತಿದ್ದರು. ಒಂದು ತಿಂಗಳು ಹೀಗೆ ನಡೆದ ಮೇಲೆ ತೂಕ ನೋಡಿದರೆ ಏರಿತ್ತು.

ಆಗ ದೇವರ ಹಾಗೆ ಬಂದವನು ಮಾರೆಪ್ಪ. ಕರಡಿಧಾಮದ ವಾಚರ್. ಕಾಡಿನೊಳಗಿನ ನೀರಿನ ತೊಟ್ಟಿಯ ಪಂಪಿಗೆ ಫುಟ್‌ವಾಲ್ವ್ ಕೊಳ್ಳಲು ಅಂಗಡಿಗೆ ಬಂದವನು ಇವರ ಗೋಳು ಕೇಳಿ, "ನಮ್ಮ ಕಾಡಿಗೆ ಬರ್ರಿ ಸಾವ್ಕಾರ್ರ. ಅಲ್ಲಿ ಯಾರೂ ಬೈಕ್ ಹತ್ರಿ ಅನ್ನಂಗಿಲ್ಲ, ಮಿರ್ಚಿ ಅಂಗಡಿನೂ ಇಲ್ಲ" ಎಂದ. ಅರಣ್ಯ ಇಲಾಖೆಯ ಸಾಹೇಬರಿಗೆ ಅರ್ಜಿ ಹೋಯಿತು, ಸ್ವಯಂಸೇವಕ ಎಂದು ಬರೆದ ಹಸಿರು ಟೋಪಿ ಬಂತು. ರಜೆ ಸಿಕ್ಕಾಗಲೆಲ್ಲ ವಾಚರುಗಳ ಗಸ್ತಿನ ಜೊತೆ ದೊಡ್ಡಬಸಪ್ಪನವರೂ ಹೋಗತೊಡಗಿದರು. ಗಸ್ತಿನವರು ಫೋನಿನ ನಕ್ಷೆಯಲ್ಲಿ ಯಾವ ಚೌಕಕ್ಕೆ ಹೋದೆವೆಂದು ಗುರುತು ಮಾಡುತ್ತಿದ್ದರು. ಅದನ್ನು ನೋಡಿದ್ದೇ ತಡ, ಎಲ್ಲ ಚೌಕಗಳಿಗೂ ಕಾಲಿಡಬೇಕೆಂಬ ಹುಚ್ಚು ಇವರಿಗೂ ಹಿಡಿಯಿತು.

ಹುಚ್ಚಿಗೆ ತುಪ್ಪ ಸುರಿದವರು ಎರ್ರಮ್ಮ.

"ಇಷ್ಟೂ ಚೌಕ ಮುಗಿಸ್ರಿ. ಶುಗರ್ ಹಿಡಿತಕ್ಕ ಬರ್ಲಿ. ಆ ದಿನ ನನ್ನ ಕೈಯಾರ ಹೋಳಿಗಿ ಮಾಡಿ ಹಾಕ್ತೀನಿ" ಎಂದಿದ್ದರು.

"ಎಷ್ಟು?"

"ಒಂದು."

"ತುಪ್ಪ?"

"ಮೊದಲು ಚೌಕ ಮುಗೀಲಿ. ತುಪ್ಪದ ಮಾತು ಆಮ್ಯಾಲೆ."

ಒಂದು ಹೋಳಿಗೆಗಾಗಿ ಮನುಷ್ಯ ಕಾಡೆಲ್ಲ ಸುತ್ತುತ್ತಾನೆಯೇ ಎಂದು ಕೇಳುವವರು ಎರ್ರಮ್ಮನ ಹೋಳಿಗೆ ತಿಂದವರಲ್ಲ. ದೊಡ್ಡಬಸಪ್ಪನವರು ಸುತ್ತಿದರು. ಬಾರಿಹಣ್ಣಿನ ಗಿಡದ ಮುಳ್ಳಿಗೆ ಅಂಗಿ ಹರಿಯಿತು, ಹೊಟ್ಟೆ ಕರಗಿತು, ಶುಗರ್ ಇಳಿಯಿತು. ಒಂದು ಚೌಕದಲ್ಲಿ ನಕ್ಷತ್ರದಾಮೆ ಕಂಡಿತು, ಇನ್ನೊಂದರಲ್ಲಿ ನವಿಲಿನ ಹಿಂಡು ಸಿಕ್ಕಿತು, ಮತ್ತೊಂದರಲ್ಲಿ ಏನೂ ಇರಲಿಲ್ಲ, ಬರೀ ಬಂಡೆಗುಂಡುಗಳು ಮತ್ತು ಗಾಳಿ. ಎಲ್ಲಿಂದ ಹೊರಡುವಾಗಲೂ ಅವರು ತಿರುಗಿ ನಿಂತು ಆ ಚೌಕಕ್ಕೆ ಕೈಮುಗಿಯುತ್ತಿದ್ದರು. ಮಾರೆಪ್ಪ ಮೊದಮೊದಲು ನಕ್ಕ, ಆಮೇಲೆ ತಾನೂ ಮುಗಿಯತೊಡಗಿದ.

ಉಳಿದ ಚೌಕಕ್ಕೆ ಮಾತ್ರ ಗಸ್ತು ಹೋಗುತ್ತಿರಲಿಲ್ಲ. ಅದು ಬೆಲ್ಲದ ಬಂಡೆಯ ಚೌಕ. ದಿನಾ ಮಧ್ಯಾಹ್ನ ವಾಚರುಗಳು ಜೀಪಿನಲ್ಲಿ ಹೋಗಿ ಆ ಬಂಡೆಗೆ ಬೆಲ್ಲದ ಪಾಕ ಸವರಿ ಬಂದುಬಿಡುತ್ತಾರೆ. ಅವರು ಹೋದ ಮೇಲೆ ಕರಡಿಗಳು ಗುಡ್ಡ ಇಳಿದು ಬಂದು ಬಂಡೆ ನೆಕ್ಕುತ್ತವೆ. ಎದುರು ಗುಡ್ಡದ ಗೋಪುರದಲ್ಲಿ ನಿಂತು ಜನ ನೋಡುತ್ತಾರೆ. ಬಂಡೆಯ ಹತ್ತಿರ ಬೇರೆಯವರಿಗೆ ಪ್ರವೇಶವಿಲ್ಲ. ದೊಡ್ಡಬಸಪ್ಪನವರು ಸಾಹೇಬರ ಹತ್ತಿರ ಹೋಗಿ ಹೋಗಿ, ಕೊನೆಗೆ ಒಂದು ದಿನದ ಮಟ್ಟಿಗೆ ಬೆಲ್ಲದ ಡಬ್ಬಿ ಹಿಡಿಯುವ ಸಹಾಯಕನಾಗಲು ಅಪ್ಪಣೆ ಪಡೆದಿದ್ದರು.

ಆ ದಿನ ಬೆಳಗ್ಗೆ ಮನೆಯಲ್ಲಿ ಕಡಲೆಬೇಳೆ ಬೇಯುವ ವಾಸನೆಗೇ ದೊಡ್ಡಬಸಪ್ಪನವರಿಗೆ ಎಚ್ಚರವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗರಳಿಸಿದರು.

"ಹೊಸ್ತಿಲು ದಾಟಬ್ಯಾಡ್ರಿ" ಎಂದರು ಎರ್ರಮ್ಮ, ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತ. "ಚೌಕದಾಗ ನಿಂತ ಫೋಟೋ ತರ್ರಿ. ಬಂದ ಮ್ಯಾಲೆ ಬೆರಳು ಚುಚ್ಚಿ ನೋಡ್ತೀನಿ. ಎರಡೂ ಸರಿ ಇದ್ರ ಹೋಳಿಗಿ."

ಬೆರಳು ಚುಚ್ಚುವ ಮಷೀನು ಆ ಮನೆಯಲ್ಲಿ ಎರ್ರಮ್ಮನ ಸುಪರ್ದಿಯಲ್ಲಿತ್ತು. ಅದರ ತೀರ್ಪಿನ ಮೇಲೆ ಮಾತಿರಲಿಲ್ಲ.

ಹೊರಗೆ ಬಂದರೆ ಬಾಗಿಲಲ್ಲೇ ಜೆರಾಕ್ಸ್ ಅಂಗಡಿಯ ವೆಂಕಟೇಶ್ ತನ್ನ ಕಾರಿನ ಗಾಜು ಒರೆಸುತ್ತ ನಿಂತಿದ್ದ. ಪಡಸಾಲೆಯ ನಕ್ಷೆಯನ್ನು ದೊಡ್ಡದಾಗಿ ಮಾಡಿಕೊಟ್ಟವನು ಅವನೇ. ಹಾಗಾಗಿ ಈ ಕಾಡಿನಲ್ಲಿ ತನಗೂ ಪಾಲಿದೆ ಎಂಬುದು ಅವನ ನಂಬಿಕೆ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ತಿಪ್ಪಕ್ಕ ಚಕ್ಕುಲಿ ಡಬ್ಬಿಯೊಂದಿಗೆ ಆಗಲೇ ಕೂತಿದ್ದರು. ಓಣಿಯಲ್ಲಿ ಏನೇ ನಡೆದರೂ ತಿಪ್ಪಕ್ಕ ಅದಕ್ಕೆ ಸಾಕ್ಷಿಯಾಗಬೇಕು.

"ನೀವು ಯಾಕ?" ಎಂದರು ದೊಡ್ಡಬಸಪ್ಪ.

"ಒಂದು ವರ್ಷದ ತಪಸ್ಸು ನಿಂದು. ಒಬ್ಬನ್ನ ಬಿಟ್ಟು ಕೊಡ್ತೀವೇನು?" ಎಂದರು ತಿಪ್ಪಕ್ಕ. "ನಾವು ಗೋಪುರದ ಮ್ಯಾಲಿಂದ ನೋಡ್ತೀವಿ. ನೀನು ಕೈ ಬೀಸು."

ದೊಡ್ಡಬಸಪ್ಪನವರ ಕಣ್ಣು ತುಸು ಒದ್ದೆಯಾಯಿತು. ಇಂಥ ನೆರೆಹೊರೆ ಯಾರಿಗುಂಟು ಎಂದುಕೊಂಡು ಕಾರು ಹತ್ತಿದರು.

ಮಧ್ಯಾಹ್ನ ಕರಡಿಧಾಮದಲ್ಲಿ ವೆಂಕಟೇಶ್, ತಿಪ್ಪಕ್ಕ ಇಬ್ಬರೂ ಗೋಪುರ ಹತ್ತಿದರು. ಇತ್ತ ದೊಡ್ಡಬಸಪ್ಪನವರು ಮಾರೆಪ್ಪನ ಜೊತೆ ಜೀಪಿನಲ್ಲಿ, ತೊಡೆಯ ಮೇಲೆ ಬೆಲ್ಲದ ಪಾಕದ ಡಬ್ಬಿ ಇಟ್ಟುಕೊಂಡು ಬಂಡೆಯ ಬುಡಕ್ಕೆ ಹೋದರು. ವರ್ಷದಿಂದ ಬೆಲ್ಲವನ್ನು ದೂರದಿಂದಲೂ ನೋಡದ ಮನುಷ್ಯ. ಈಗ ಮುಖದ ಕೆಳಗೇ ಡಬ್ಬಿ ತುಂಬ ಬೆಲ್ಲ, ದಾರಿಯ ಕುಲುಕಾಟಕ್ಕೆ ತುಳುಕುತ್ತಿತ್ತು. ಅವರು ಉಸಿರು ಬಿಗಿಹಿಡಿದು ಆಕಾಶ ನೋಡುತ್ತ ಕೂತರು.

"ಜಲ್ದಿ ಮುಗಿಸಬೇಕ್ರಿ ಸಾವ್ಕಾರ್ರ" ಎಂದ ಮಾರೆಪ್ಪ, ಕೈಗೆ ಪಾಕ ತೆಗೆದುಕೊಂಡು ಬಂಡೆಯ ಸಂದುಗಳಿಗೆ ಸವರುತ್ತ. "ವಾಸನಿ ಹತ್ತಿದ್ರ ಅವು ಟೈಮ್ ನೋಡಂಗಿಲ್ಲ."

ದೊಡ್ಡಬಸಪ್ಪನವರು ಫೋನು ತೆಗೆದು ನಕ್ಷೆ ನೋಡಿದರು. ನೀಲಿ ಚುಕ್ಕೆ ಚೌಕದ ಗೆರೆಯ ಆಚೆಗೇ ನಿಂತಿತ್ತು.

"ಮಾರೆಪ್ಪ, ನಾವು ಇನ್ನಾ ಪಕ್ಕದ ಚೌಕದಾಗ ಅದೀವಿ!"

"ಬೆಲ್ಲದ ಬಂಡಿ ಇದ ಅಲ್ರೀ?"

"ಬಂಡಿ ಇದ ಹೌದು. ಗೆರಿ ಬಂಡಿ ಮ್ಯಾಲೆ ಹೋಗೈತಿ. ಮ್ಯಾಲೆ ಹತ್ತಬೇಕು."

"ಮ್ಯಾಲೆ ಈಗ ಸವರೀನ್ರಿ. ಜಾರತೈತಿ. ಬ್ಯಾಡ್ರಿ."

ಆ ಕಡೆ ಹೋಳಿಗೆ ಕಾಯುತ್ತಿರುವಾಗ ಬೇಡ ಎಂಬ ಮಾತು ಯಾರ ಕಿವಿಗೆ ಬೀಳುತ್ತದೆ? ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಫೋನು ಹಿಡಿದು ದೊಡ್ಡಬಸಪ್ಪನವರು ಬಂಡೆ ಹತ್ತಿದರು. ಒಂದು ಹೆಜ್ಜೆ, ಎರಡು ಹೆಜ್ಜೆ. ನೀಲಿ ಚುಕ್ಕೆ ಅಲುಗಾಡಿತು, ಗೆರೆ ದಾಟಿತು, ಚೌಕದ ಒಳಗೆ ಬಂತು! ಅವರು ಅವಸರದಲ್ಲಿ ಫೋನಿನ ಪರದೆಯದೇ ಫೋಟೋ ಹಿಡಿದು, ಎದುರಿನ ಗೋಪುರಕ್ಕೆ ಕೈಬೀಸಿದರು. ಬೀಸಿದ ರಭಸಕ್ಕೆ ಕಾಲು ಜಾರಿ, ಧೊಪ್ಪನೆ ಬೆಲ್ಲದ ಮೇಲೆ ಕೂತು, ಕೂತಲ್ಲಿಂದಲೇ ಸರ್ರನೆ ಇಳಿದು ಒಂದು ಸಂದಿನಲ್ಲಿ ಸಿಕ್ಕಿಕೊಂಡರು. ಡಬ್ಬಿ ಮಡಿಲಲ್ಲೇ ಉಳಿಯಿತು, ಫೋನು ಡಬ್ಬಿಯೊಳಗೆ ಮುಳುಗಿತು.

ಮುಳುಗಿದ ಫೋನು ಅದೇ ಹೊತ್ತಿಗೆ ರಿಂಗಾಯಿತು.

ಆ ನಿಶ್ಶಬ್ದ ಕಾಡಿನಲ್ಲಿ ಬೆಲ್ಲದ ಡಬ್ಬಿಯೊಳಗಿಂದ ಗುಳುಗುಳು ಎಂದು ಹೊರಟ ಆ ಸದ್ದಿಗೆ ಮಾರೆಪ್ಪ ಗಾಬರಿಯಾದ. "ಬಂದ್ ಮಾಡ್ರಿ ಅದನ್ನ! ಮ್ಯಾಲೆ ನೋಡ್ರಿ!" ಎಂದು ಪಿಸುಗುಟ್ಟಿದ. ದೊಡ್ಡಬಸಪ್ಪನವರು ಮೇಲೆ ನೋಡಿದರು. ಗುಡ್ಡದ ತುದಿಯಲ್ಲಿ ಒಂದು ಕರಡಿ, ಬೆನ್ನ ಮೇಲೆ ಎರಡು ಮರಿ ಕೂರಿಸಿಕೊಂಡು, ಮೂಗು ಎತ್ತಿ ನಿಂತಿತ್ತು.

ಅವರು ಡಬ್ಬಿಗೆ ಮೊಣಕೈವರೆಗೂ ಕೈ ಹಾಕಿ ಫೋನು ಎಳೆದರು. ಬಂದ್ ಮಾಡಲು ಒತ್ತಿದರೆ ಬೆಲ್ಲದ ಬೆರಳಿಗೆ ಫೋನು ಬಗ್ಗಲಿಲ್ಲ. ಬದಲಿಗೆ ಕರೆ ಎತ್ತಿಕೊಂಡು ಸ್ಪೀಕರನ್ನೂ ಹಚ್ಚಿತು.

"ರೀ, ಹೋಳಿಗಿ ಬೇಯಿಸ್ಲೇನು?" ಎಂದಿತು ಎರ್ರಮ್ಮನ ದನಿ, ಕಾಡೆಲ್ಲ ಕೇಳುವಂತೆ.

ದೊಡ್ಡಬಸಪ್ಪನವರು ಸದ್ದಡಗಿಸಲು ಫೋನನ್ನು ಬಾಯಿಗೇ ಒತ್ತಿಕೊಂಡರು. ತುಟಿ ಬಿಚ್ಚಿದರೆ ಬೆಲ್ಲ ಒಳಗೆ ಹೋಗುತ್ತದೆ. ಹಾಗಾಗಿ ತುಟಿ ಬಿಗಿದೇ "ಮ್ಮ್... ಮ್ಮ್ಮ್... ಕಡಡಿ" ಎಂದರು.

"ಏನ್ರಿ ಅದು? ಬಾಯಾಗ ಏನೈತಿ?"

"ಮ್ಮ್!"

ಮಾರೆಪ್ಪ ಕೆಳಗಿಂದ ಕಾಲು ಹಿಡಿದು ಜಗ್ಗಿದ. "ಓಡಬ್ಯಾಡ್ರಿ. ಹಿಂದಕ್ಕ ಹಿಂದಕ್ಕ ಬರ್ರಿ." ದೊಡ್ಡಬಸಪ್ಪನವರು ಬಂದರು. ಅವರ ಎಡಗಾಲಿನ ಬೂಟು ಮಾತ್ರ ಸಂದಿನಲ್ಲೇ ಉಳಿಯಿತು. ಜೀಪು ಹತ್ತಿ ತಿರುಗಿ ನೋಡಿದಾಗ ತಾಯಿ ಕರಡಿ ಆ ಬೂಟನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಹೊರಗೆಲ್ಲ ನೆಕ್ಕುತ್ತಿತ್ತು. ಮರಿಗಳು ಲೇಸು ಚೀಪುತ್ತಿದ್ದವು.

"ತಾಯಿ, ಬೂಟು ತಗಂಡಿ, ನನ್ನ ಬಿಟ್ಟಿ. ನಿನ್ನ ಉಪಕಾರ ಮರೆಯಂಗಿಲ್ಲ" ಎಂದು ದೊಡ್ಡಬಸಪ್ಪನವರು ಅಂಟು ಕೈಗಳನ್ನು ಜೋಡಿಸಿ ಮುಗಿದರು. ಕೈ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮಾರೆಪ್ಪ ಅವರ ಭುಜ ತಟ್ಟಿ, "ಎಲ್ಲ ಚೌಕನೂ ಆತಲ್ರಿ ಸಾವ್ಕಾರ್ರ" ಎಂದ. ಅವನ ಕಣ್ಣಲ್ಲಿ ನಿಜವಾದ ಸಂತೋಷವಿತ್ತು.

ಗೇಟಿನ ಹತ್ತಿರ ಕಾರಿನ ಪಕ್ಕ ನಿಂತಿದ್ದ ವೆಂಕಟೇಶ್ ಮತ್ತು ತಿಪ್ಪಕ್ಕನ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲ. ದೊಡ್ಡಬಸಪ್ಪನವರು ಅಂಗೈಯನ್ನು ಟವೆಲಿಗೆ ಒರೆಸಿ ಒರೆಸಿ ಸಾಕಾಗಿ ಕೂತರು. ಕಾರಿನಲ್ಲಿ ಎಲ್ಲಿಂದಲೋ ಇರುವೆಗಳೂ ಹತ್ತಿದ್ದವು.

"ಯಾಕ ಸುಮ್ಮನಾದ್ರಿ?" ಎಂದು ಕೊನೆಗೂ ಕೇಳಿದರು.

"ಏನ್ ಮಾತಾಡೋದು ಬಸಪ್ಪ" ಎಂದು ತಿಪ್ಪಕ್ಕ ನಿಟ್ಟುಸಿರಿಟ್ಟರು. "ವರ್ಷಪೂರ್ತಿ ಬಾಯಿ ಕಟ್ಟಿದಾಂವ. ಕೊನೀ ದಿನ ಕರಡಿ ಬಾಯಾಗಿನ ತುತ್ತಿಗೆ ಆಸಿ ಬಿದ್ದಿ."

"ಏನು?"

"ನಾವು ದುರ್ಬೀನಿನಾಗ ನೋಡೀವಲ್ಲ ಅಣ್ಣ" ಎಂದ ವೆಂಕಟೇಶ್, ರಸ್ತೆಯ ಮೇಲೆ ಕಣ್ಣಿಟ್ಟು. "ಡಬ್ಬಿಗೆ ಕೈ ಹಾಕಿದ್ರಿ, ಬಾಯಿಗೆ ಒತ್ತಿದ್ರಿ. ನಾನು ವೀಡಿಯೋನೂ ಮಾಡೀನಿ. ಅತ್ತಿಗಿಗೆ ಕಳಿಸೀನಿ. ತಪ್ಪು ತಿಳಕೋಬ್ಯಾಡ್ರಿ, ನಿಮ್ಮ ಆರೋಗ್ಯದ ಪ್ರಶ್ನಿ."

ದೊಡ್ಡಬಸಪ್ಪನವರು ಅದು ಫೋನೆಂದು ಹೇಳಿದರು. ಫೋನನ್ನು ಯಾರು ಡಬ್ಬಿಯಲ್ಲಿಡುತ್ತಾರೆ ಎಂದು ತಿಪ್ಪಕ್ಕ ಕೇಳಿದರು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಮನೆ ಬಂತು.

ಎರ್ರಮ್ಮ ಪಡಸಾಲೆಯಲ್ಲಿ ಮಷೀನು ಮುಂದಿಟ್ಟುಕೊಂಡು ಕೂತಿದ್ದರು. ಹಿಂದೆ ತಟ್ಟೆಯಲ್ಲಿ ಹೋಳಿಗೆಗಳು, ಪಕ್ಕದಲ್ಲಿ ತುಪ್ಪದ ಬಟ್ಟಲು. ಒಂಟಿ ಬೂಟಿನಲ್ಲಿ, ಬೆಲ್ಲ ಮೆತ್ತಿಕೊಂಡು ನಿಂತ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬೆರಳು" ಎಂದರು.

"ಎರ್ರಮ್ಮ, ಮೊದಲು ನನ್ನ ಮಾತು..."

"ಬೆರಳು ಕೊಡ್ರಿ."

ಚುಚ್ಚಿದರು. ಮಷೀನು ತುಸು ಹೊತ್ತು ಯೋಚಿಸಿ ಅಂಕಿ ತೋರಿಸಿತು. ತಿಪ್ಪಕ್ಕ ಬಗ್ಗಿ ನೋಡಿ "ಅಯ್ಯಯ್ಯೋ" ಎಂದರು. ವೆಂಕಟೇಶ್ ಬಗ್ಗಿ ನೋಡಿ ಕುರ್ಚಿ ಎಳೆದುಕೊಂಡು ಕೂತ. ಡಾಕ್ಟರ ಹತ್ತಿರ ಮೊದಲ ಸಲ ಹೋದಾಗಲೂ ಅಷ್ಟು ಬಂದಿರಲಿಲ್ಲ.

"ಒಂದು ವರ್ಷ!" ಎರ್ರಮ್ಮ ಮಷೀನನ್ನು ಪಕ್ಕಕ್ಕೆ ತಳ್ಳಿದರು. "ನೀವು ತಿನ್ನಲ್ಲಂತ ನಾನೂ ನಿಮ್ಮ ಮುಂದ ಒಂದು ಚೂರು ಬೆಲ್ಲ ಮುಟ್ಟಲಿಲ್ಲ. ನನಗ ಹೋಳಿಗಿ ಹೋದ ದುಃಖ ಇಲ್ರಿ. ನೀವು ಹೋದ್ರ ನಾನೇನು ಮಾಡ್ಲಿ?"

ದೊಡ್ಡಬಸಪ್ಪನವರಿಗೆ ಸಿಟ್ಟು ಬರಬೇಕಾಗಿದ್ದ ಜಾಗದಲ್ಲಿ ಅಳು ಬಂತು. "ಮಷೀನು ಕೆಟ್ಟೈತಿ. ಬೇಕಾದ್ರ ನಿನ್ನ ಬೆರಳು ಚುಚ್ಚಿ ನೋಡು" ಎಂದುಬಿಟ್ಟರು.

ಎರ್ರಮ್ಮ ಹಟಕ್ಕೆ ಬಿದ್ದು ತಮ್ಮ ಬೆರಳಿಗೂ ಚುಚ್ಚಿಕೊಂಡರು. ಅವರದೂ ಅಷ್ಟೇ ಬಂತು.

"ನೋಡಿದ್ರ್ಯಾ!" ದೊಡ್ಡಬಸಪ್ಪನವರು ಒಂದೇ ಬೂಟಿನಲ್ಲಿ ಕುಣಿದರು. "ಕೆಟ್ಟೈತಿ!"

ವೆಂಕಟೇಶ್ ತನ್ನ ಬೆರಳು ಕೊಟ್ಟ. ಸರಿಯಾಗಿತ್ತು. ತಿಪ್ಪಕ್ಕ ಕೊಟ್ಟರು. ಅದೂ ಸರಿ. ಎಲ್ಲರೂ ಮಷೀನಿನ ಮುಖ ನೋಡಿದರು. ಆಗ ದೊಡ್ಡಬಸಪ್ಪನವರಿಗೆ ತಮ್ಮ ಬೆರಳಿನ ಮೇಲೆ ಸಾಲುಗಟ್ಟಿದ್ದ ಇರುವೆಗಳು ಕಂಡವು.

"ಬೆಲ್ಲ!" ಎಂದು ಕೂಗಿದರು. "ಬೆರಳಿನ ಮ್ಯಾಲಿನ ಬೆಲ್ಲ ಮಷೀನಿಗೆ ಹೋಗೈತಿ! ನೀನೂ ಹೂರಣ ಹಿಡಿದ ಕೈಲೆ ಚುಚ್ಚಿಕೊಂಡಿ!"

ಬಚ್ಚಲಿಗೆ ಓಡಿ ಸಾಬೂನು ಹಚ್ಚಿ ತಿಕ್ಕಿ ತೊಳೆದು ಬಂದು ಬೆರಳು ಚಾಚಿದರು. ಈ ಸಲ ಮಷೀನು ತೋರಿಸಿದ್ದನ್ನು ಡಾಕ್ಟರ್ ಸ್ಫೂರ್ತಿ ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ವೆಂಕಟೇಶ್ "ನಾನು ಆಗಲೇ ಅಂದಿದ್ದೆ" ಎಂದ. ತಿಪ್ಪಕ್ಕ ಗಲ್ಲ ಗಲ್ಲ ಬಡಿದುಕೊಂಡು ಕ್ಷಮೆ ಕೇಳಿದರು. ಎರ್ರಮ್ಮ ಕಣ್ಣೊರೆಸಿಕೊಂಡು ನಕ್ಕು, ಫೋನಿನಲ್ಲಿದ್ದ ಚೌಕದ ಫೋಟೋ ನೋಡಿ, ಅರಿಶಿನದ ಬೆರಳನ್ನು ಕೊನೆಯ ಚೌಕಕ್ಕೆ ಒತ್ತಿ, ತಟ್ಟೆಗೆ ಹೋಳಿಗೆ ಹಾಕಿದರು. ಕೇಳದೆಯೇ ತುಪ್ಪ ಸುರಿದರು.

ದೊಡ್ಡಬಸಪ್ಪನವರು ತುತ್ತು ಮುರಿದರು. ಬಾಯಿಯ ಹತ್ತಿರ ತಂದವರು ಯಾಕೋ ತಡೆದರು.

"ನೀನೂ ಕೈ ತೊಳಕೊಂಡು ಒಮ್ಮೆ ನೋಡಿಬಿಡು" ಎಂದರು.

"ನನಗ್ಯಾಕ್ರಿ? ನಾನು ಗಟ್ಟಿ ಅದೀನಿ" ಎನ್ನುತ್ತಲೇ ಎರ್ರಮ್ಮ ಬಚ್ಚಲಿಗೆ ಹೋಗಿ ಕೈ ತೊಳೆದು, ದಾರಿಯಲ್ಲಿ ಒಂದು ಚೊಂಬು ನೀರು ಕುಡಿದು ಬಂದರು. ಚುಚ್ಚಿದರು. ಅಂಕಿ ಇಳಿಯಲಿಲ್ಲ. ಮತ್ತೆ ಸಾಬೂನು ಹಚ್ಚಿ ತೊಳೆದು, ಬೇರೆ ಬೆರಳು ಚುಚ್ಚಿದರು. ಆಗಲೂ ಇಳಿಯಲಿಲ್ಲ.

ದೊಡ್ಡಬಸಪ್ಪನವರ ಕಣ್ಣು ಆ ನೀರಿನ ಚೊಂಬಿನ ಮೇಲೆ ನಿಂತಿತು. ಬಿಸಿಲಿಗೆ ಬಾಯಾರುತ್ತದೆ ಎನ್ನುತ್ತ ಎಷ್ಟೋ ದಿನದಿಂದ ಎರ್ರಮ್ಮನ ಕೈಯಲ್ಲಿ ಆ ಚೊಂಬು ಇದ್ದೇ ಇತ್ತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟು ಡಾಕ್ಟರ್ ಸ್ಫೂರ್ತಿಗೆ ಫೋನು ಹಚ್ಚಿದರು. ಫೋನು ಕೆನ್ನೆಗೆ ಅಂಟಿಕೊಂಡಿತು.

"ಗಾಬರಿ ಬ್ಯಾಡ ಅಂಕಲ್. ನಾಳೆ ಬೆಳಿಗ್ಗೆ ಖಾಲಿ ಹೊಟ್ಟಿಲೆ ಕರ್ಕೊಂಡು ಬರ್ರಿ, ರಕ್ತ ಪರೀಕ್ಷೆ ಮಾಡೋಣ" ಎಂದಳು ಹುಡುಗಿ. "ಶುಗರೇ ಆಗಿದ್ರೂ ಜಲ್ದಿ ಗೊತ್ತಾಗಿದ್ದು ಭಾಳ ಛಲೋ ಆತು. ಆಂಟೀನೂ ನಿಮ್ಮ ಹಂಗ ನಡೀಲಿ. ಮತ್ತ, ಮನಿಯಾಗ ಸಿಹಿ ಇಡಬ್ಯಾಡ್ರಿ. ಇಬ್ಬರಿಗೂ."

ಫೋನಿನ ದನಿ ಗಟ್ಟಿಯಾಗಿದ್ದರಿಂದ ಎಲ್ಲರಿಗೂ ಕೇಳಿಸಿತು. ತಿಪ್ಪಕ್ಕ ಎದ್ದು, ಬಹಳ ಭಾರವಾದ ಮುಖ ಮಾಡಿಕೊಂಡು, ಹೋಳಿಗೆಯ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಮನಿಯಾಗ ಇಡಬ್ಯಾಡ ಅಂದಾಳ" ಎಂದರು. ದೊಡ್ಡಬಸಪ್ಪನವರ ತಟ್ಟೆಯಲ್ಲಿ ತುಪ್ಪದಲ್ಲಿ ನೆಂದಿದ್ದ ಹೋಳಿಗೆಯನ್ನು ವೆಂಕಟೇಶ್ ಎತ್ತಿಕೊಂಡ. ಹಾಳಾಗಬಾರದು ಎಂಬುದಷ್ಟೇ ಅವನ ಉದ್ದೇಶವಾಗಿತ್ತು.

ಎರ್ರಮ್ಮ ತಲೆ ತಗ್ಗಿಸಿ ಕೂತಿದ್ದರು. "ನನ್ನ ಸಲುವಾಗಿ ನಿಮ್ಮ ಹೋಳಿಗಿ ಹೋತು."

"ಹೋಳಿಗಿ ಹೋಗ್ಲಿ, ನೀನು ಸಿಕ್ಕಿ" ಎಂದರು ದೊಡ್ಡಬಸಪ್ಪ. "ಆ ಬಂಡಿ ಹತ್ತದಿದ್ರ ಬೆಲ್ಲ ಮೆತ್ತುತಿರಲಿಲ್ಲ. ಮೆತ್ತದಿದ್ರ ನೀನು ಬೆರಳು ಚುಚ್ಚಿಕೊಳ್ತಿರಲಿಲ್ಲ. ಕರಡಿಗೆ ಮುಗಿದೀನಿ, ಆ ಚೌಕಕ್ಕ ಮಾತ್ರ ಕೈಮುಗಿಯದ ಬಂದೀನಿ ನೋಡು, ಅದೊಂದು ಬಾಕಿ ಐತಿ." ಎದ್ದು ಹೋಗಿ ಗೋಡೆಯ ನಕ್ಷೆಯ ನಡುವಿನ ಹಸಿ ಅರಿಶಿನಕ್ಕೆ ಕೈಮುಗಿದರು. ಪಕ್ಕದ ಮನೆಯವರಿಗೂ, ಜೆರಾಕ್ಸಿನವನಿಗೂ, ವೀಡಿಯೋಗೂ ಸೇರಿಸಿಯೇ ಮುಗಿದರು.

ವೆಂಕಟೇಶ್ ತುಂಬಿದ ಬಾಯಲ್ಲೇ, "ಹೊಸ ನಕ್ಷಿ ಒಂದು ಮಾಡಿ ಕೊಡ್ಲೇನು ಅಣ್ಣ? ಅತ್ತಿಗಿಗೆ?" ಎಂದ.

"ಕೊಡು. ಸಾಹೇಬರ ಹತ್ರ ನಾನು ಅರ್ಜಿ ಹಾಕ್ತೀನಿ. ಇವಳ ಸಂಗಾಟ ನಾನೂ ಮೊದಲಿಂದ ಶುರು ಮಾಡ್ತೀನಿ. ಒಂದನೇ ಚೌಕದಿಂದ." ಹೇಳಿದ ಮೇಲೆ ಆ ಬಾರಿಹಣ್ಣಿನ ಮುಳ್ಳುಗಳೆಲ್ಲ ನೆನಪಾಗಿ ಅವರು ಮೆಲ್ಲಗೆ ಕೂತರು.

ಎರ್ರಮ್ಮ ತಲೆ ಎತ್ತಿ, ಸೆರಗಿನಿಂದ ಮೂಗು ಒರೆಸಿಕೊಂಡು, ಹಳದಿ ಕಾಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇಷ್ಟೂ ಚೌಕ ಮುಗಿಸಿದ್ರ ನನಗೇನು ಕೊಡ್ತೀರಿ?"

"ಹೋಳಿಗಿ."

"ಯಾರು ಮಾಡೋರು?"

ದೊಡ್ಡಬಸಪ್ಪನವರು ಎದೆ ಮೇಲೆ ಕೈಯಿಟ್ಟು, "ನಾನ" ಎಂದರು.

ಎರ್ರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಮತ್ತೊಮ್ಮೆ ನೋಡಿದರು.

"ಹಂಗಾರ ನಿಧಾನಕ್ಕ ನಡಿಯೋಣ ಬಿಡ್ರಿ" ಎಂದರು.